ಎಚ್‌ಡಿ 650, ಸುಂದರಾ ಎರಡೂ ಕೈಯಲ್ಲಿದ್ದಾಗ ದನಿ ಹೋಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ವಿಜಯಪುರದಲ್ಲಿದ್ದೀರಿ. ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ನಾಲ್ಕು ವರ್ಷದಿಂದ ನಿಮ್ಮದಿದೆ, ಗೆಳೆಯರೊಬ್ಬರು ಹೈಫೈಮ್ಯಾನ್ ಸುಂದರಾವನ್ನು ಒಂದು ವಾರಕ್ಕೆ ಕೊಟ್ಟಿದ್ದಾರೆ. ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ತಲೆಗೆ ಹಾಕಿದ ಕೂಡಲೇ ಸುಂದರಾದಲ್ಲಿ ‘ಡೀಟೇಲ್’ ಹೆಚ್ಚು ಅನಿಸಿದೆ. ಕೊಳ್ಳಬೇಕೋ ಬೇಡವೋ, ಕೊಂಡರೆ ಆಂಪ್ (ಸದ್ದಿಗೆ ಬಲ ಕೊಡುವ ಪೆಟ್ಟಿಗೆ) ಬೇಕೋ ಅನ್ನುವುದು ಪ್ರಶ್ನೆ.

ಮೊದಲ ಅನಿಸಿಕೆಯನ್ನು ಸದ್ಯ ಪಕ್ಕಕ್ಕಿಡ್ರಿ. ಕಂಪನಿಗಳೇ ಕೊಟ್ಟ ಅಂಕಿ ಹಿಡಿದು ಲೆಕ್ಕ ಹಾಕಿದರೆ, 1 ವೋಲ್ಟ್ ಕೊಟ್ಟಾಗ ಎಚ್‌ಡಿ 650 ಸುಮಾರು 103 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಸದ್ದು ಮಾಡುತ್ತದೆ. ಸುಂದರಾದ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 37 ಓಮ್, 1 ಮಿಲಿವ್ಯಾಟ್‌ಗೆ 94 ಡಿಬಿ. ಅದೇ 1 ವೋಲ್ಟ್‌ಗೆ 27 ಮಿಲಿವ್ಯಾಟ್ ಎಳೆದುಕೊಂಡು ಸುಮಾರು 108 ಡಿಬಿಗೆ ಹೋಗುತ್ತದೆ. ಅಂದರೆ ವಾಲ್ಯೂಮ್ ಮುಟ್ಟದೆ ಪಿನ್ ಮಾತ್ರ ಬದಲಿಸಿದರೆ ಸುಂದರಾ 5 ಡಿಬಿ ಜೋರು. ಒಂದು ಡಿಬಿ ಹೆಚ್ಚಾದರೂ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಸ್ಪಷ್ಟ’ ಅನ್ನುತ್ತದೆ. ಐದು ಡಿಬಿ ಅಂದರೆ ಹೋಲಿಕೆಯೇ ಅಲ್ಲ.

ಇದರ ತಿರುಗುಮುರುಗೂ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್‌ಗಳಲ್ಲಿ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಇರುವುದು ಸಾಮಾನ್ಯ. ಅಂಥದ್ದಕ್ಕೆ ಸಿಕ್ಕಿಸಿದರೆ 300 ಓಮ್‌ನ ಎಚ್‌ಡಿ 650 ಎರಡೂವರೆ ಡಿಬಿ ಕಳೆದುಕೊಳ್ಳುತ್ತದೆ, 37 ಓಮ್‌ನ ಸುಂದರಾ ಹನ್ನೊಂದು ಡಿಬಿಗೂ ಮೇಲೆ. ಈಗ ಎಚ್‌ಡಿ 650 ಜೋರು. ಜೊತೆಗೆ ಎಚ್‌ಡಿ 650ರ ಇಂಪೀಡೆನ್ಸ್ ಕೆಳಸ್ವರದ ಕಡೆ 500 ಓಮ್ ಆಸುಪಾಸು ಏರುವುದರಿಂದ ಅಲ್ಲಿ ಹೆಚ್ಚುಕಡಿಮೆ ಒಂದು ಡಿಬಿ ಉಬ್ಬೂ ಬರುತ್ತದೆ. ಅದಕ್ಕೇ ಜನ ‘ವಾಲ್ವಿನ ಬೆಚ್ಚನೆ ದನಿ’ ಅನ್ನುವುದು. ಸುಂದರಾದ ಇಂಪೀಡೆನ್ಸ್ ಉದ್ದಕ್ಕೂ ಸಮನಾಗಿದೆ, ಅದರ ಬಣ್ಣ ಬದಲಾಗುವುದಿಲ್ಲ. ಅದೇ ಎರಡು ಹೆಡ್‌ಫೋನ್, ಎರಡು ಪೆಟ್ಟಿಗೆ, ಎರಡು ವಿರುದ್ಧ ತೀರ್ಪು. ಯಾರಾದರೂ ‘ಅದಕ್ಕಿಂತ ಇದು ಮೇಲು’ ಅಂದರೆ ಯಾವುದರಲ್ಲಿ ಸಿಕ್ಕಿಸಿ ಕೇಳಿದಿರಿ ಅಂತ ಮೊದಲು ಕೇಳ್ರಿ.

ಹಾಗಾಗಿ ಮೊದಲ ಕೆಲಸ ಸದ್ದು ಸಮ ಮಾಡುವುದು. ಹಳೆಯ ಸಿಡಿ ಒಂದು ತಗೊಳ್ರಿ. ಅದರ ನಡುವಿನ ತೂತು 15 ಮಿಲಿಮೀಟರ್. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಅದರಲ್ಲಿ ಕೂರುತ್ತದೆ. ಸುತ್ತಲಿನ ಸಂದನ್ನು ಚಪಾತಿ ಕಣಕದಿಂದ ಮುಚ್ಚಿದರೆ ಸಾಕು (ಜೋಳದ ಹಿಟ್ಟು ಒಣಗಿ ಬಿರುಕು ಬಿಡುತ್ತದೆ, ಗೋಧಿಯೇ ಇರಲಿ). ಸಿಡಿಯ ಮೇಲೆ ಒಂದು ಕಪ್ಪನ್ನು ಪ್ಯಾಡ್ ಪೂರ್ತಿ ಕೂರುವಂತೆ ಇಟ್ಟು, ಸದ್ದಿನ ಮಟ್ಟ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಅಂಕಿ ನೋಡ್ರಿ. ಮೈಕಿನ ಆಟೋ ಗೇನ್ ಬಂದ್ ಇರಬೇಕು, ಇಲ್ಲದಿದ್ದರೆ ಫೋನೇ ಎರಡನ್ನೂ ಸಮ ಮಾಡಿ ತೋರಿಸಿಬಿಡುತ್ತದೆ. ಹಾಕುವುದು ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ ಸುಯ್ಯೆನ್ನುವ ಸದ್ದು), ಆದರೆ ಅಡಾಸಿಟಿ ಅನ್ನುವ ಧ್ವನಿ ತಿದ್ದುವ ತಂತ್ರಾಂಶದಲ್ಲಿ 300 ಹರ್ಟ್ಜ್‌ಗಿಂತ ಕೆಳಗಿನದನ್ನೂ 3,000ಕ್ಕಿಂತ ಮೇಲಿನದನ್ನೂ ಕತ್ತರಿಸಿದ್ದು. ಈ ಸಿಡಿ ಜೋಡಣೆಯಲ್ಲಿ ಬೇಸ್ ಸೋರುತ್ತದೆ, ಟ್ರೆಬಲ್ ನಂಬುವ ಹಾಗಿಲ್ಲ. ನಡುಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ರತಿ ಹೆಡ್‌ಫೋನನ್ನು ಮೂರು ಸಲ ಎತ್ತಿ ಇಟ್ಟು ಅಳೆದು, ಅಂಕಿ ಅರ್ಧ ಡಿಬಿ ಒಳಗೆ ಬಂದ ಮೇಲೆ ಎರಡರ ವಾಲ್ಯೂಮ್ ಅಂಕಿಯನ್ನೂ ಬರೆದಿಟ್ಟುಕೊಳ್ರಿ. ಆಮೇಲೆ ಆ ಎರಡು ಅಂಕಿ ಬಿಟ್ಟು ಬೇರೆ ಎಲ್ಲೂ ಕೈ ಹೋಗಬಾರದು.

ಎರಡನೆಯದು ಪ್ಯಾಡ್. ನಾಲ್ಕು ವರ್ಷ ಹಾಕಿದ ಎಚ್‌ಡಿ 650ರ ಮಖಮಲ್ ಪ್ಯಾಡ್ ಚಪ್ಪಟೆಯಾಗಿರುತ್ತದೆ. ಕಿವಿ ಡ್ರೈವರಿನ (ಒಳಗೆ ಸದ್ದು ಹುಟ್ಟಿಸುವ ಭಾಗ) ಹತ್ತಿರ ಹೋದಂತೆ ದನಿಯ ತೂಕವೇ ಬದಲಾಗುತ್ತದೆ, ಒಳಗಿನ ಜಾಗ ಇಕ್ಕಟ್ಟಾದ ಹಾಗೆ ಕೇಳಿಸುತ್ತದೆ. ಕಿವಿಯ ಅಂಚು ಒಳಗಿನ ತೆಳು ಫೋಮ್‌ಗೆ ತಾಗುತ್ತಿದ್ದರೆ ಪ್ಯಾಡ್ ಮುಗಿಯಿತು ಅಂತಲೇ ಅರ್ಥ. ಹಳೇ ಪ್ಯಾಡಿನ ಎಚ್‌ಡಿ 650ಯನ್ನು ಹೊಸ ಸುಂದರಾ ಜೊತೆ ಹೋಲಿಸಿದರೆ ನೀವು ಹೋಲಿಸಿದ್ದು ಪ್ಯಾಡ್‌ಗಳನ್ನು. ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಹಳೆಯದು ಕಿತ್ತು ಬರುತ್ತದೆ; ಹೊಸದನ್ನು ಸುತ್ತಲೂ ಒತ್ತುತ್ತ ಹೋದರೆ ಟಕ್ ಟಕ್ ಅಂತ ಕೂರುತ್ತದೆ. ಒಳಗಿನ ಫೋಮ್ ಪುಡಿ ಉದುರುತ್ತಿದ್ದರೆ ಅದನ್ನೂ ಬದಲಿಸ್ರಿ. ಕಂಪನಿಯ ಪ್ಯಾಡೇ ಇರಲಿ. ಚರ್ಮದಂಥ ಹೊದಿಕೆಯ ಅಗ್ಗದ ಪ್ಯಾಡ್ ಹಾಕಿದರೆ ಅದು ಬೇರೆಯೇ ಹೆಡ್‌ಫೋನ್, ಅದರ ಮೇಲೆ ನಮ್ಮ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಬೆವರು ಇಳಿಯುತ್ತದೆ.

ಕನ್ನಡಕ ಹಾಕುವವರಾದರೆ 40 ಹರ್ಟ್ಜ್ ಸ್ವರ ಹಚ್ಚಿ ಎರಡೂ ಕಪ್ಪನ್ನು ಅಂಗೈಯಿಂದ ಹಗುರವಾಗಿ ಒತ್ತಿ ನೋಡ್ರಿ. ಒತ್ತಿದಾಗ ಸ್ವರ ಏರಿದರೆ ಕಡ್ಡಿಯ ಸಂದಿನಲ್ಲಿ ಬೇಸ್ ಸೋರುತ್ತಿದೆ. ಕಿವಿಯೋಲೆ, ಬುಗುಡಿ, ದಪ್ಪ ಕೂದಲು ಎಲ್ಲ ಇದೇ ಕೆಲಸ ಮಾಡುತ್ತವೆ. ಸುಂದರಾದಂಥ, ಅಯಸ್ಕಾಂತದ ಬಲದಿಂದ ತೆಳು ಹಾಳೆಯನ್ನು ಅಲುಗಿಸುವ ಪ್ಲೇನಾರ್‌ಗಳಿಗೆ ಈ ಸೋರಿಕೆಯ ಪೆಟ್ಟು ಹೆಚ್ಚು, ಯಾಕಂದರೆ ಅವುಗಳ ಬಲ ಇರುವುದೇ 30–40 ಹರ್ಟ್ಜ್‌ವರೆಗೆ ಸಮನಾಗಿ ಇಳಿಯುವುದರಲ್ಲಿ. ಎಚ್‌ಡಿ 650 ಅಷ್ಟು ಕೆಳಗೆ ಹೇಗೂ ಸೊರಗಿರುತ್ತದೆ.

ಇನ್ನು ಏನು ಹಚ್ಚಿ ಕೇಳಬೇಕು ಅನ್ನುವುದು. ಜಗತ್ತಿನ ವಿಮರ್ಶಕರು ಹಚ್ಚುವ ಜಾಝ್, ರಾಕ್ ತಟ್ಟೆಗಳೆಲ್ಲ ನಿಮಗೆ ಬೇಕಿಲ್ಲ. ನೀವು ಕೇಳುವುದರಲ್ಲೇ ಒಳ್ಳೆಯ ಪರೀಕ್ಷೆಗಳಿವೆ. ತಂಬೂರಿಯಿಂದ ಶುರು ಮಾಡ್ರಿ. ಕಪ್ಪು 1ಕ್ಕೆ (ಪೇಟಿಯ ಮೊದಲ ಕಪ್ಪು ಮಣೆ) ಶ್ರುತಿ ಮಾಡಿದ ಗಂಡುದನಿಯ ತಂಬೂರಿಯಲ್ಲಿ ನಡುವಿನ ಜೋಡಿ ಷಡ್ಜ ಸುಮಾರು 139 ಹರ್ಟ್ಜ್, ಖರ್ಜ ಅದರ ಅರ್ಧ, 69. ಜವಾರಿಯ (ತಂತಿ ಕುದುರೆಗೆ ತಾಗಿ ಹುಟ್ಟುವ) ಝೇಂಕಾರ ಮಾತ್ರ ಹಲವು ಸಾವಿರ ಹರ್ಟ್ಜ್‌ವರೆಗೆ ಏರುತ್ತದೆ. ಒಂದೇ ವಾದ್ಯ ಇಡೀ ಹರವನ್ನು ತೋರಿಸುತ್ತದೆ. ಖರ್ಜ ಮೀಟಿದಾಗ ಮೂಲಸ್ವರ ಕೇಳಿಸುತ್ತದೋ, ಮೇಲಿನ ಪ್ರತಿಸ್ವರಗಳು ಮಾತ್ರವೋ? ಝೇಂಕಾರ ಒಂದೇ ಬಟ್ಟೆಯಂತೆ ಹರಡುತ್ತದೋ, ಅಥವಾ ಒಂದು ಜಾಗದಲ್ಲಿ ಸೂಜಿಯಂತೆ ಚುಚ್ಚುತ್ತದೋ? ಚುಚ್ಚಿದರೆ ಅಲ್ಲೊಂದು ಉಬ್ಬಿದೆ. ಸೆನ್‌ಹೈಸರ್‌ನದೇ 2009ರ ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಜ್ ಹತ್ತಿರ ಇಂಥ ಉಬ್ಬು ಇತ್ತು. ಆಮೇಲೆ ಬಂದ 800 ಎಸ್‌ನಲ್ಲಿ ಅದನ್ನು ಹೀರುವ ಏರ್ಪಾಡು ಮಾಡಿದರು. ಬೆಲೆ ಹೆಚ್ಚಿದ್ದರೆ ದೋಷ ಇರುವುದಿಲ್ಲ ಅನ್ನುವ ಭರವಸೆ ಇಟ್ಟುಕೊಳ್ಳಬೇಡ್ರಿ.

ಡಗ್ಗಾದ (ತಬಲಾ ಜೋಡಿಯ ದೊಡ್ಡದು) ಮೀಂಡ್ ಎರಡನೆಯ ಪರೀಕ್ಷೆ: ಅಂಗೈ ಜಾರಿದಂತೆ ಸ್ವರ ಏರುವುದು ಉದ್ದಕ್ಕೂ ಒಂದೇ ಬಲದಲ್ಲಿ ಬರಬೇಕು, ನಡುವೆ ಗುಮ್ಮೆಂದು ಉಬ್ಬಬಾರದು. ಮೂರನೆಯದು ಸ, ಶ, ಛ ಹೆಚ್ಚಿರುವ ವಚನ ಗಾಯನ, ದಾಸರ ಪದ. ಈ ಅಕ್ಷರಗಳ ಸೀಟಿ 5ರಿಂದ 9 ಕಿಲೋಹರ್ಟ್ಜ್ ನಡುವೆ ಬೀಳುತ್ತದೆ. ಹತ್ತು ನಿಮಿಷ ಕೇಳಿ ಕಿವಿ ಬೇಸತ್ತರೆ ‘ಡೀಟೇಲ್’ ಅಂದದ್ದು ಬರೀ ಟ್ರೆಬಲ್ ಉಬ್ಬು ಅಂತ ತಿಳೀರಿ. ಪೇಟಿಯ ದನಿ ನಡುಭಾಗಕ್ಕೆ ಸಾಕ್ಷಿ. ಸುಂದರಾದಲ್ಲಿ 1ರಿಂದ 2 ಕಿಲೋಹರ್ಟ್ಜ್ ನಡುವೆ ಒಂದು ತಗ್ಗಿದೆ, ಅದರಿಂದ ಪೇಟಿ ಮತ್ತು ಗಾಯಕರ ಕಂಠ ಒಂದು ಹೆಜ್ಜೆ ಹಿಂದೆ ಸರಿದಂತೆ ಕೇಳಿಸುತ್ತದೆ. ಎಚ್‌ಡಿ 650ರಲ್ಲಿ ಕಂಠ ಮುಂದೆ ಬಂದು ಕೂರುತ್ತದೆ.

ಆ ತಗ್ಗನ್ನೇ ಎಷ್ಟೋ ಜನ ‘ಸೌಂಡ್‌ಸ್ಟೇಜ್ ದೊಡ್ಡದು’, ಅಂದರೆ ದನಿ ಹರಡಿದಂತೆ ಅನಿಸುವ ಜಾಗ ದೊಡ್ಡದು, ಅನ್ನುತ್ತಾರೆ. ನಿಮ್ಮೂರಿನ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಜಾಗದ ಅಗಲ ಗೊತ್ತಾಗುವುದು ದನಿ ಎದುರು ಗೋಡೆಗೆ ಹೋಗಿ ತಡವಾಗಿ ತಿರುಗಿ ಬರುವುದರಿಂದ. ಹೆಡ್‌ಫೋನ್‌ನಲ್ಲಿ ಗೋಡೆಯೇ ಇಲ್ಲ. ರೆಕಾರ್ಡಿಂಗ್ ಮಾಡಿದ ಕೋಣೆಯ ಪ್ರತಿಧ್ವನಿ ಧ್ವನಿಮುದ್ರಣದಲ್ಲಿ ಎಷ್ಟಿದೆಯೋ ಅಷ್ಟೇ ಬರುತ್ತದೆ. ಉಳಿದದ್ದು ಡ್ರೈವರಿನ ಓರೆ, ಕಿವಿಯಿಂದ ಅದರ ದೂರ, ಮತ್ತೆ ಇಂಥ ಏರುತಗ್ಗು.

ಹಳೆಯ ಮೋನೋ ಧ್ವನಿಮುದ್ರಣ ಒಂದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲೇಬೇಕು. ಸವಾಯಿ ಗಂಧರ್ವರ ಕಾಲದ 78 ಆರ್‌ಪಿಎಂ ತಟ್ಟೆಯ ನಕಲು ಯಾವುದಾದರೂ ಆದೀತು. ಅದರಲ್ಲಿ ಟ್ರೆಬಲ್ ಇಲ್ಲ, ಬೇಸ್ ಇಲ್ಲ, ಆದರೆ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕ್ರಿ. ವಾಲುವ ಕಡೆಯೂ ತಿರುಗಿದರೆ ತಪ್ಪು ಡ್ರೈವರ್, ಪ್ಯಾಡ್, ಕೇಬಲ್ ಅಥವಾ ಆಂಪಿನದು. ವಾಲುವುದು ಅದೇ ಕಡೆ ಉಳಿದರೆ ನಿಮ್ಮ ಕಿವಿಯದು. ಆಂಪಿನ ವಾಲ್ಯೂಮ್ ಗುಂಡಿ ತೀರಾ ಕೆಳಗಿದ್ದಾಗ ಎಡಬಲ ಸಮ ಇರುವುದಿಲ್ಲ, ಅದನ್ನೂ ಸ್ವಲ್ಪ ಮೇಲೆ ತಂದು ಪರೀಕ್ಷಿಸಿ.

ತೀರ್ಪು ಕೊಡುವ ನಿಜವಾದ ಪ್ರಯೋಗ ಈಕ್ವಲೈಸರಿನದು (ಬೇಸ್, ಟ್ರೆಬಲ್ ಬೇರೆಬೇರೆಯಾಗಿ ಏರಿಸಿ ಇಳಿಸುವ ತಂತ್ರಾಂಶ), ಮತ್ತು ಬಹಳ ಜನ ಇದನ್ನೇ ಬಿಡುತ್ತಾರೆ. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್, ಎರಡೂ ಪುಕ್ಕಟೆ ಸಿಗುತ್ತವೆ. ಆಟೋಈಕ್ಯೂ ಯೋಜನೆಯಲ್ಲಿ ನಿಮ್ಮ ಎರಡೂ ಮಾಡೆಲ್‌ಗೆ ಸಿದ್ಧ ಸೆಟ್ಟಿಂಗ್ ಇದೆ, ಎರಡನ್ನೂ ಒಂದೇ ಗುರಿರೇಖೆಗೆ ತರುತ್ತದೆ. ಎಲ್ಲಾದರೂ 6 ಡಿಬಿ ಏರಿಸಿದ್ದರೆ ಪ್ರೀಆಂಪ್ ಜಾಗದಲ್ಲಿ ಮೈನಸ್ 6 ಹಾಕಬೇಕು, ಇಲ್ಲದಿದ್ದರೆ ತಾನಿನ ತುದಿಯಲ್ಲಿ ದನಿ ಹರಿಯುತ್ತದೆ. ಹೀಗೆ ಸರಿದೂಗಿಸಿ, ಸದ್ದು ಮತ್ತೊಮ್ಮೆ ಸಮ ಮಾಡಿ ಕೇಳ್ರಿ. ‘ಡೀಟೇಲ್’ ವ್ಯತ್ಯಾಸ ಅಲ್ಲಿಗೆ ಮಾಯವಾದರೆ ನೀವು ಕೊಳ್ಳಹೊರಟದ್ದು ಒಂದು ಈಕ್ವಲೈಸರ್ ಸೆಟ್ಟಿಂಗ್. ಆಳದ ಬೇಸ್‌ನಲ್ಲಿ ಮಾತ್ರ ಸುಂದರಾ ಮುಂದೆಯೇ ಇರುತ್ತದೆ: ಎಚ್‌ಡಿ 650ಗೆ 40 ಹರ್ಟ್ಜ್‌ನಲ್ಲಿ ಆರು ಡಿಬಿ ತುಂಬಿ ಜೋರಾಗಿ ಹಚ್ಚಿದರೆ ಡಯಾಫ್ರಾಮ್ (ಕಂಪಿಸಿ ಸದ್ದು ಮಾಡುವ ಹಾಳೆ) ಏದುಸಿರು ಬಿಡುತ್ತದೆ, ಪ್ಲೇನಾರ್ ತಡೆದುಕೊಳ್ಳುತ್ತದೆ. ಡೊಳ್ಳು, ಹಲಗಿ ಮೇಳ ಕೇಳುವವರಿಗೆ ಇದು ದೊಡ್ಡ ಮಾತು. ಖಯಾಲ್ ಕೇಳುವವರಿಗೆ ಅಷ್ಟಲ್ಲ.

ಕಣ್ಣು ಕಟ್ಟಿದರೂ ಹೆಡ್‌ಫೋನ್ ಯಾವುದು ಅಂತ ತಲೆಗೆ ಗೊತ್ತಾಗುತ್ತದೆ. ಒಂದು 260 ಗ್ರಾಂ, ಇನ್ನೊಂದು 372. ಆದ್ದರಿಂದ ಕುರುಡು ಪರೀಕ್ಷೆ ಆಂಪ್, ಡ್ಯಾಕ್ (ಡಿಜಿಟಲ್ ಫೈಲನ್ನು ವಿದ್ಯುತ್ ಸಂಕೇತ ಮಾಡುವ ಸಲಕರಣೆ), ಫೈಲುಗಳಿಗೆ ಮಾತ್ರ ಸರಿ. ಫೈಲು ಹೋಲಿಸಲು ಫೂಬಾರ್ 2000ದ ಎಬಿಎಕ್ಸ್ ಸಲಕರಣೆ ಇದೆ, ಯಾವ ಫೈಲು ಅಂತ ಹೇಳದೆ ಕೇಳಿಸಿ ಗುರುತಿಸಲು ಬಿಡುತ್ತದೆ. ಹತ್ತರಲ್ಲಿ ಏಳು ಸರಿ ಬಂದರೆ ಹಿಗ್ಗಬೇಡ್ರಿ, ನಾಣ್ಯ ಚಿಮ್ಮಿದರೂ ನೂರಕ್ಕೆ 17 ಸಲ ಅಷ್ಟು ಅಥವಾ ಮೇಲೆ ಬರುತ್ತದೆ. ಹದಿನಾರರಲ್ಲಿ ಹನ್ನೆರಡು ಬಂದರೆ ಅದು ನೂರಕ್ಕೆ 4ಕ್ಕಿಂತ ಕಡಿಮೆ, ಆಗ ಮಾತಾಡಬಹುದು.

ಆಂಪ್ ಬೇಕೇ? ಮಾಮೂಲು 75 ಡಿಬಿಗೆ ಕೇಳುವವರಿಗೆ ತಾನಿನ ತುದಿಗಳು ಅದಕ್ಕಿಂತ 20 ಡಿಬಿ ಮೇಲೆ ಹೋದರೂ 95. ನಿಮ್ಮ ಎಚ್‌ಡಿ 650 ಇದನ್ನು 1 ವೋಲ್ಟ್‌ನೊಳಗೇ ಮುಟ್ಟುತ್ತದೆ. ಶಾಸ್ತ್ರೀಯ ಧ್ವನಿಮುದ್ರಣಗಳ ಮಟ್ಟ ಕೆಳಗೇ ಇರುತ್ತದೆ, ಈಕ್ವಲೈಸರಿಗೂ ಆರು ಡಿಬಿ ಬಿಡಬೇಕು, ಹಾಗಾಗಿ 2 ವೋಲ್ಟ್ ಕೊಡುವ ಡಾಂಗಲ್ (ಫೋನಿಗೆ ಸಿಕ್ಕಿಸುವ ಪುಟ್ಟ ಡ್ಯಾಕ್-ಆಂಪ್) ನೆಮ್ಮದಿ. ಸುಂದರಾಗೆ ವೋಲ್ಟ್ ಕಡಿಮೆ ಸಾಕು, ಕರೆಂಟ್ ಹೆಚ್ಚು ಬೇಕು: 110 ಡಿಬಿಗೆ ಸುಮಾರು 33 ಮಿಲಿಆಂಪಿಯರ್. ಒಳ್ಳೆಯ ಡಾಂಗಲ್ ಅದನ್ನೂ ಕೊಡುತ್ತದೆ. ಹೈಫೈಮ್ಯಾನ್‌ನದೇ ಸುಸ್ವರಾದಂಥ 83 ಡಿಬಿ ಹೆಡ್‌ಫೋನಿಗೆ ಅದೇ ಸದ್ದಿಗೆ ಅರ್ಧ ವ್ಯಾಟ್ ಬೇಕು. ಅಲ್ಲಿ ದೊಡ್ಡ ಆಂಪ್ ಶೋಕಿಯಲ್ಲ, ಅಗತ್ಯ. ಎರಡು ಆಂಪ್‌ಗಳನ್ನು ಸಮ ಮಾಡಲು ಮಲ್ಟಿಮೀಟರ್ ಬಳಸುವುದಾದರೆ 200 ಹರ್ಟ್ಜ್ ಸ್ವರ ಹಚ್ಚಿ, ಹೆಡ್‌ಫೋನ್ ಸಿಕ್ಕಿಸಿಕೊಂಡೇ ಅಳೀರಿ. 300 ಮಿಲಿವೋಲ್ಟ್ ಮತ್ತು 303 ಅಂದರೆ ಅಂತರ 0.1 ಡಿಬಿಯೊಳಗೆ. ಅಗ್ಗದ ಮೀಟರಿನಲ್ಲಿ ಎಸಿ ವೋಲ್ಟ್ 200ರಿಂದಲೇ ಶುರು, ಅದರಲ್ಲಿ ಇದು ಆಗದು. 2 ವೋಲ್ಟ್ ರೇಂಜ್ ಇರುವುದು ಬೇಕು.

ನಮ್ಮ ಕಡೆಯ ಕೆಲವು ತೊಂದರೆ. ಎರಡೂ ಹಿಂಬದಿ ತೆರೆದ ಹೆಡ್‌ಫೋನ್. ಫ್ಯಾನ್ ತಿರುಗುತ್ತಿದ್ದರೆ ತಂಬೂರಿಯ ಕೊನೆಯ ಎಳೆ ಅದರಲ್ಲೇ ಮುಳುಗುತ್ತದೆ. ಬೆಳಗ್ಗೆ ಬೇಗ, ಫ್ಯಾನ್ ಬಂದ್ ಮಾಡಿ, ಇಪ್ಪತ್ತು ನಿಮಿಷಕ್ಕೆ ಮುಗಿಸ್ರಿ. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಪಕ್ಕದ ಮನೆಯವರು ಇವೆರಡನ್ನೂ ಕೊಳ್ಳದಿರುವುದೇ ಲೇಸು, ಮುಚ್ಚಿದ ಮಾದರಿ ನೋಡಲಿ. ಮೂರು ಪಿನ್ನಿನ ಪ್ಲಗ್ ಇದ್ದರೂ ಅರ್ಥಿಂಗ್ ಇಲ್ಲದ ಮನೆ ಎಷ್ಟೋ. ಆಂಪ್ ಮುಟ್ಟಿದಾಗ ಗುಂಯ್ ಅನ್ನುವುದು ಬದಲಾದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳ್ರಿ. ಬೆಳಗಾವಿಯ ಉದ್ಯಮಬಾಗದಂಥ ಫೌಂಡ್ರಿ ಪ್ರದೇಶದಲ್ಲಿ ಕೆಲಸ ಮಾಡುವವರು ಹೆಡ್‌ಫೋನನ್ನು ಅಂಗಡಿಯ ಮೇಜಿನ ಮೇಲೆ ಬಿಡಬಾರದು: ಪ್ಲೇನಾರ್‌ನ ಅಯಸ್ಕಾಂತ ಕಬ್ಬಿಣದ ಪುಡಿ ಎಳೆದುಕೊಂಡರೆ ಡಯಾಫ್ರಾಮ್‌ಗೆ ಅಂಟಿ ಝರಝರ ಶುರುವಾಗುತ್ತದೆ, ತೆಗೆಯುವುದು ಬಹಳ ಕಷ್ಟ. ಸುಂದರಾದ ಕಪ್ಪನ್ನು ಕಿವಿಗೆ ಝಟ್ಟನೆ ಒತ್ತಲೂಬೇಡಿ, ಒಳಗಿನ ಗಾಳಿ ತೆಳು ಹಾಳೆಯನ್ನು ದೂಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಬರೀ ಗಾಯನಕ್ಕೆ ಎಚ್‌ಡಿ 650 ಇಟ್ಟುಕೊಂಡು ಪ್ಯಾಡ್ ಬದಲಿಸ್ರಿ. ಮೇಲಿನದೆಲ್ಲ ಮಾಡಿದ ಮೇಲೂ, ಮೂರು ದಿನ ಸುಂದರಾ ಒಂದನ್ನೇ ಕೇಳಿ ನಾಲ್ಕನೆಯ ದಿನ ಎಚ್‌ಡಿ 650 ಮಂಕು ಅನಿಸಿದರೆ ಕೊಳ್ರಿ. ಅದೇ ಹೆಸರಿನಲ್ಲಿ ಪ್ಯಾಡ್, ಅಯಸ್ಕಾಂತ ಬದಲಾದ ಸುಂದರಾಗಳಿವೆ; ಗೆಳೆಯರದು ಯಾವ ಕಾಲದ್ದು ಅಂತ ಕೇಳಿ ಅದೇ ಆವೃತ್ತಿ ತರಿಸ್ರಿ. ಪೆಟ್ಟಿಗೆ ಬಿಚ್ಚಿದ ಮೇಲೆ ವಾಪಸ್ ತಗೊಳ್ಳುತ್ತಾರೋ ಅಂತ ಆರ್ಡರ್‌ಗೆ ಮೊದಲೇ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಬಂದ ದಿನವೇ ಮೋನೋ ತಟ್ಟೆ ಹಚ್ಚಿ ನಡು ನೋಡಿ, ಸಣ್ಣ ವಾಲ್ಯೂಮ್‌ನಲ್ಲಿ 20ರಿಂದ 200 ಹರ್ಟ್ಜ್ ಸ್ವೀಪ್ (ಕೆಳಗಿಂದ ಮೇಲೇರುವ ಸ್ವರ) ಒಂದೊಂದೇ ಕಪ್ಪಿಗೆ ಓಡಿಸಿ. ಝರ್ ಅಂದರೆ ಅವತ್ತೇ ವಿಡಿಯೋ ಮಾಡಿ ಅಂಗಡಿಗೆ ಕಳಿಸ್ರಿ.