ಸಿಗ್ನಲ್‌ನಲ್ಲಿ ನಿಂತರೆ ಮುಳ್ಳು ಮೇಲೇರುತ್ತದೆ

ಪ್ರಶ್ನೆ: ನನ್ನದು ಎ.ಸಿ. ಇಲ್ಲದೆ ಬಂದ ಹಳೆಯ ಪೆಟ್ರೋಲ್ ಕಾರು. ಅಪ್ಪ ಓಡಿಸಿದ್ದು, ಮಾರಲು ಮನಸ್ಸಿಲ್ಲ. ಎರಡು ತಿಂಗಳ ಹಿಂದೆ ಎ.ಸಿ. ಕಿಟ್ ಹಾಕಿಸಿದೆ. ಹೆದ್ದಾರಿಯಲ್ಲಿ ಯಾವ ತೊಂದರೆಯೂ ಇಲ್ಲ. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ, ಒಳಗೆ ಎ.ಸಿ. ಗಾಳಿಯೂ ಬೆಚ್ಚಗಾಗುತ್ತದೆ. ಕಿಟ್ ಹಾಕಿದವರು ದೊಡ್ಡ ರೇಡಿಯೇಟರ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆದು ರೇಡಿಯೇಟರ್‌ಗೆ ನೀರು ಬಿಡುವ ಕವಾಟ, ಕಿತ್ತುಹಾಕಿ ಎನ್ನುತ್ತಾರೆ. ಎ.ಸಿ.ಯ ಶಾಖ ಹೊರಬಿಡುವ ಕಂಡೆನ್ಸರ್‌ನ ಮುಂದೆ ಒಂದು ಸಣ್ಣ ಕರೆಂಟ್ ಫ್ಯಾನು ಇದೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಓಡುವಾಗ ಸರಿ, ನಿಂತಾಗ ಬಿಸಿ ಎಂದು ನೀವೇ ಬರೆದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ. ಕಾರು ಗಂಟೆಗೆ 50 ಕಿ.ಮೀ. ದಾಟಿದ ಮೇಲೆ ನುಗ್ಗಿ ಬರುವ ಗಾಳಿಯೇ ಸಾಕು, ಫ್ಯಾನಿನ ಹಂಗು ಹೆಚ್ಚೇನೂ ಇರುವುದಿಲ್ಲ. ಆ ವೇಗದಲ್ಲಿ ಎ.ಸಿ. ಹಾಕಿಯೂ ನಿಮ್ಮ ರೇಡಿಯೇಟರ್ ಇಂಜಿನ್ನನ್ನು ತಣ್ಣಗಿಡುತ್ತಿದೆ ಎಂದರೆ ಅದು ಕಟ್ಟಿಕೊಂಡಿಲ್ಲ, ನೀರೂ ಸರಿಯಾಗಿ ಹರಿಯುತ್ತಿದೆ. ನಿಂತಾಗ ಮುಳ್ಳು ಏರುವುದರ ಜೊತೆಗೆ ಒಳಗಿನ ತಂಪೂ ಹೋಗುತ್ತದೆ ಎಂದಿರಿ. ರೇಡಿಯೇಟರ್, ಕಂಡೆನ್ಸರ್ ಎರಡೂ ಒಟ್ಟಿಗೆ ದೂರು ಹೇಳುತ್ತಿವೆ. ಎರಡಕ್ಕೂ ಸಮಾನವಾದದ್ದು ಒಂದೇ, ಗಾಳಿ.

ಕಿಟ್ ಹಾಕಿಸುವಾಗ ಈ ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕಾರಿನೊಳಗಿಂದ ಎ.ಸಿ. ಹೊತ್ತು ತಂದ ಶಾಖ ಎಲ್ಲಿಗೂ ಮಾಯವಾಗುವುದಿಲ್ಲ. ರೇಡಿಯೇಟರ್‌ನ ಮುಂದೆಯೇ ಕೂತಿರುವ ಕಂಡೆನ್ಸರ್‌ನಲ್ಲಿ ಸುರಿಯುತ್ತದೆ. ಒಳಗಿನಿಂದ ಮೂರೂವರೆ ಕಿಲೋವ್ಯಾಟ್, ಕಂಪ್ರೆಸರ್ ತಿರುಗಿಸಿದ್ದು ಒಂದೂವರೆ ಎಂದು ಲೆಕ್ಕ ಹಿಡಿಯಿರಿ, ಒಟ್ಟು ಐದು. ಸಾವಿರ ವ್ಯಾಟಿನ ಐದು ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿ ರೇಡಿಯೇಟರ್ ಮುಂದೆ ಸಾಲಾಗಿ ನಿಲ್ಲಿಸಿದಂತೆ. ಅವನ್ನೆಲ್ಲ ಸವರಿಕೊಂಡು ಬಿಸಿಯಾದ ಗಾಳಿಯೇ ರೇಡಿಯೇಟರ್‌ಗೆ ಸಿಗುವುದು. ಸಾಲದ್ದಕ್ಕೆ ಕಂಪ್ರೆಸರ್ ಎಳೆಯಲು ಇಂಜಿನ್ ಹೆಚ್ಚು ಪೆಟ್ರೋಲ್ ಸುಡುತ್ತದೆ, ಆ ಶಾಖದ ಒಂದು ಪಾಲೂ ಇಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟ್‌ಗೇ. ಎ.ಸಿ. ಇಲ್ಲದ ಕಾರಿಗೆಂದು ಮಾಡಿದ ಫ್ಯಾನು ಇದನ್ನೆಲ್ಲ ತಾಳಿಕೊಳ್ಳಬೇಕು.

ಮೊದಲು ಒಂದು ಕಾಗದದ ಪರೀಕ್ಷೆ ಮಾಡಿ. ಇಂಜಿನ್ ಚಾಲೂ ಇರಲಿ, ಎ.ಸಿ. ಹಾಕಿ, ಮುಂದಿನ ಜಾಲರಿಗೆ ಒಂದು ತೆಳು ಹಾಳೆ ಹಿಡಿಯಿರಿ. ಅದು ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಒಮ್ಮೆ ನನ್ನ ಬಳಿ ಬಂದ ಕಾರಿಗೆ ಆಗಲೇ ಹೊಸ ರೇಡಿಯೇಟರ್, ಹೊಸ ವಾಟರ್ ಪಂಪ್ ಹಾಕಿಸಿ ಆಗಿತ್ತು, ಥರ್ಮೋಸ್ಟಾಟ್ ತೆಗೆದೂ ಆಗಿತ್ತು. ಮುಂದೆ ಕುಕ್ಕರಗಾಲಲ್ಲಿ ಕೂತು ಜಾಲರಿಗೆ ಅಂಗೈ ಒಡ್ಡಿದೆ. ಬಿಸಿ ಗಾಳಿ ನನ್ನ ಕೈಗೇ ರಾಚಿತು. ಒಳಕ್ಕೆ ತಳ್ಳಬೇಕಾದ ಫ್ಯಾನು ಹೊರಕ್ಕೆ ಊದುತ್ತಿತ್ತು! ಅದರ ಎರಡು ವೈರುಗಳು ಅದಲುಬದಲಾಗಿದ್ದವು. ರೇಡಿಯೇಟರ್ ಹಿಂದಿನ ಫ್ಯಾನು ಒಳಕ್ಕೆ ಎಳೆಯುತ್ತದೆ, ಮುಂದಿನದು ಹೊರಕ್ಕೆ ತಳ್ಳುತ್ತದೆ. ಈ ಹಗ್ಗಜಗ್ಗಾಟದ ನಡುವೆ ರೇಡಿಯೇಟರ್ ಬೇಯುತ್ತಿತ್ತು. ವೈರು ಬದಲಿಸಿ ಕಾಲು ಗಂಟೆ ನಿಲ್ಲಿಸಿ ನೋಡಿದೆವು, ಮುಳ್ಳು ನಡುವಿನಿಂದ ಕದಲಲಿಲ್ಲ. ನಿಮ್ಮದೂ ಹೀಗೇ ಇದ್ದರೆ ಎಲೆಗಳ ಬಾಗನ್ನೂ ನೋಡಿ. ಎಳೆಯಲೆಂದು ಬಾಗಿಸಿದ ಎಲೆಯನ್ನು ಬರೀ ವೈರು ಬದಲಿಸಿ ತಳ್ಳುವಂತೆ ತಿರುಗಿಸಿದರೆ ಗಾಳಿ ಅರೆಬರೆ ಬರುತ್ತದೆ. ಎಲೆಯನ್ನೂ ಮಗುಚಿ ಕೂರಿಸಬೇಕು.

ದಿಕ್ಕು ಸರಿಯಿದ್ದರೆ ಸಂದಿಗಳನ್ನು ನೋಡಿ. ನೀರಿನಂತೆ ಗಾಳಿಯೂ ಸುಲಭದ ದಾರಿ ಹಿಡಿಯುತ್ತದೆ. ಕಂಡೆನ್ಸರ್, ರೇಡಿಯೇಟರ್ ಮಧ್ಯೆ, ಅಕ್ಕಪಕ್ಕ, ಮೇಲೆ ಕೆಳಗೆ ಬೆರಳು ತೂರುವಷ್ಟು ಜಾಗವಿದ್ದರೆ ಬಾನೆಟ್ ಕೆಳಗಿನ ಬಿಸಿ ಗಾಳಿ ಸುತ್ತಿ ಬಂದು ಮತ್ತೆ ಕಂಡೆನ್ಸರ್‌ಗೇ ನುಗ್ಗುತ್ತದೆ. ಕಾರು ನಿಂತಾಗ ಮಾತ್ರ ಆಗುವ ಕಾಟ ಇದು. ಶಾಖ ತಾಳುವ ಫೋಮ್ ಪಟ್ಟಿ ಅಂಟಿಸಿ ಸಂದಿ ಮುಚ್ಚಿ. ರೇಡಿಯೇಟರ್ ಹಿಂದಿನ ಫ್ಯಾನಿಗೆ ಶ್ರೌಡ್, ಅಂದರೆ ಸುತ್ತಲಿನ ಕವಚ, ಇದೆಯೇ? ಕಿಟ್ ಕೂರಿಸಲು ಜಾಗ ಸಾಲದೆ ಅದನ್ನು ಕತ್ತರಿಸಿ ಎಸೆದಿರುವುದನ್ನು ಬಹಳ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕವಚವಿಲ್ಲದ ಫ್ಯಾನು ತನ್ನೆದುರಿನ ದುಂಡು ಜಾಗದಿಂದಷ್ಟೇ ಗಾಳಿ ಎಳೆಯುತ್ತದೆ; ನಾಲ್ಕು ಮೂಲೆಗಳೂ ದಂಡ.

ಇನ್ನು ಕರೆಂಟು. ಫ್ಯಾನಿಗೆ 20 ಆಂಪಿಯರ್, ಒಳಗಿನ ಬ್ಲೋವರ್‌ಗೆ 15, ಕಂಪ್ರೆಸರ್ ಕ್ಲಚ್‌ಗೆ 4, ಹೆಡ್‌ಲೈಟ್‌ಗೆ 9. ಕೂಡಿದರೆ 48. ಎ.ಸಿ. ಇಲ್ಲದೆ ಬಂದ ಹಳೆಯ ಕಾರುಗಳಲ್ಲಿ ಇಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ 35, 45 ಆಂಪಿಯರ್‌ನ ಆಲ್ಟರ್ನೇಟರ್‌ಗಳೇ ಸಾಮಾನ್ಯ, ಅದೂ ಇಂಜಿನ್ ಜೋರಾಗಿ ತಿರುಗುವಾಗ. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ನಿಧಾನವಾಗಿ ತಿರುಗುವಾಗ, ಅಷ್ಟು ಎಲ್ಲಿಂದ ಬರಬೇಕು? ವೋಲ್ಟೇಜ್ ಇಳಿಯುತ್ತದೆ, ಫ್ಯಾನು ನಿಧಾನವಾಗುತ್ತದೆ, ಗಾಳಿ ಅತಿ ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆಯಾಗುತ್ತದೆ. ಮೀಟರ್ ಹಿಡಿದು ಫ್ಯಾನಿನ ಟರ್ಮಿನಲ್‌ನಲ್ಲೇ ಅಳೆಯಿರಿ, ಬ್ಯಾಟರಿಯಲ್ಲಿ ಅಲ್ಲ. ಬ್ಯಾಟರಿಯಲ್ಲಿ 13.5 ಇದ್ದು ಫ್ಯಾನಿನಲ್ಲಿ 11 ಇದ್ದರೆ ತಪ್ಪು ವೈರಿನದು. ಫ್ಯಾನಿಗೆ ಪ್ರತ್ಯೇಕ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), 30 ಆಂಪಿಯರ್ ಫ್ಯೂಸ್, 4 ಚದರ ಮಿ.ಮೀ. ವೈರು, ಬಾಡಿಯ ಬಣ್ಣ ಕೆರೆದು ಕೂರಿಸಿದ ಅರ್ಥಿಂಗ್ ಇಷ್ಟೂ ಬೇಕು. ಬ್ಯಾಟರಿಯಲ್ಲೇ 12ಕ್ಕೆ ಇಳಿದಿದ್ದರೆ ಆಲ್ಟರ್ನೇಟರ್ ದೊಡ್ಡದಾಗಲೇಬೇಕು. ಎ.ಸಿ. ಹಾಕಿದಾಗ ಐಡ್ಲಿಂಗ್ ತುಸು ಏರಿಸುವ ವ್ಯವಸ್ಥೆ ನಿಮ್ಮ ಕಿಟ್‌ನಲ್ಲಿ ಇದೆಯೋ ಇಲ್ಲವೋ ಕೇಳಿ. ಇಲ್ಲದಿದ್ದರೆ ವಾಟರ್ ಪಂಪ್, ಆಲ್ಟರ್ನೇಟರ್ ಎರಡೂ ಕುಂಟುತ್ತವೆ.

ಥರ್ಮೋಸ್ಟಾಟ್ ಮಾತ್ರ ತೆಗೆಸಬೇಡಿ. ಬಿಸಿಯಾದ ಇಂಜಿನ್ನಿನಲ್ಲಿ ಅದು ಹೇಗೂ ಪೂರ್ತಿ ತೆರೆದಿರುತ್ತದೆ, ತೆಗೆದು ಪ್ರಯೋಜನವಿಲ್ಲ. ತೆಗೆದರೆ ಇಂಜಿನ್ ಹದಕ್ಕೆ ಬರಲು ತಡವಾಗಿ ಪೆಟ್ರೋಲ್ ಪೋಲಾಗುತ್ತದೆ, ಸವೆತವೂ ಹೆಚ್ಚು. ಇದೆಲ್ಲ ಸರಿಯಾಗುವವರೆಗೆ ಮುಳ್ಳು ಏರತೊಡಗಿದ ಕೂಡಲೇ ಎ.ಸಿ. ಆರಿಸಿ. ಹೀಟರ್ ಇದ್ದರೆ ಪೂರ್ತಿ ತಿರುಗಿಸಿ, ಅದೂ ಒಂದು ಪುಟ್ಟ ರೇಡಿಯೇಟರೇ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. 0.9 ಬಾರ್ ಮುಚ್ಚಳದ ಕೆಳಗೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯದೆ ಕಾದಿರುತ್ತದೆ; ಮುಚ್ಚಳ ತೆಗೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಪ್ರಶ್ನೆ: ಮೈಲೇಜ್ ಸಿಗಲಿ ಎಂದು ಇಂಜಿನ್ನಿನ ಬೆಲ್ಟ್ ಫ್ಯಾನು ತೆಗೆಸಿ, ಕಂಡೆನ್ಸರ್ ಮುಂದೆ 16 ಇಂಚಿನ ಕರೆಂಟ್ ಫ್ಯಾನು ಹಾಕಿಸಿದೆ. ಈಗ ಊರೊಳಗೆ ಸರಿ, ಹೆದ್ದಾರಿಯಲ್ಲಿ ಏರು ಹತ್ತುವಾಗ ಬಿಸಿ. ಡ್ಯಾಶ್‌ಬೋರ್ಡಿನಲ್ಲಿ ಫ್ಯಾನಿಗೆ ಒಂದು ಸ್ವಿಚ್ ಕೊಡಿಸಲೇ?

ಉತ್ತರ: ನಿಮ್ಮದು ಮೇಲಿನ ಪತ್ರದ ತದ್ವಿರುದ್ಧ. ವೇಗದಲ್ಲಿ ನುಗ್ಗಿ ಬರುವ ಗಾಳಿಗೆ ಆ ದೊಡ್ಡ ಫ್ಯಾನೇ ಅಡ್ಡ ನಿಂತಿದೆ. ಅದನ್ನು ರೇಡಿಯೇಟರ್‌ನ ಹಿಂದಕ್ಕೆ, ಪೂರ್ತಿ ಕವಚದೊಂದಿಗೆ, ಎಳೆಯುವ ಫ್ಯಾನಾಗಿ ಹಾಕಿಸಿ. ಜಾಗವಿಲ್ಲದಿದ್ದರೆ ಹಳೆಯ ಬೆಲ್ಟ್ ಫ್ಯಾನನ್ನೇ ವಾಪಸ್ ಹಾಕಿಸಿಕೊಳ್ಳಿ. ಅದು ಸಿಲಿಕೋನ್ ಎಣ್ಣೆಯ ಕ್ಲಚ್ ಇರುವ ಫ್ಯಾನಾದರೆ ತಣ್ಣಗಿರುವಾಗ ಜಾರುತ್ತಾ ತಿರುಗುತ್ತದೆ, ಬೇಕಾದಾಗಷ್ಟೇ ಹಿಡಿಯುತ್ತದೆ. ಉಳಿತಾಯ ನೀವು ಅಂದುಕೊಂಡಷ್ಟು ಇರಲಿಲ್ಲ.

ಸ್ವಿಚ್ ಬೇಡವೇ ಬೇಡ. ನಮ್ಮಣ್ಣನ ಕಾರಿಗೆ ನಾನೇ ಅಂಥದೊಂದು ಹಾಕಿಕೊಟ್ಟಿದ್ದೆ. ಒಂದು ದಿನ ಅತ್ತಿಗೆ ಕಾರು ತೆಗೆದುಕೊಂಡು ಹೋದರು, ಸ್ವಿಚ್‌ನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಕೆಳಗಿನ ಸಂದಿ ಮುಚ್ಚುವ ಪಟ್ಟಿ) ಹೋಯಿತು, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಯಿತು. ಅವರ ತಪ್ಪೇನೂ ಇರಲಿಲ್ಲ, ನನ್ನದೇ. ಫ್ಯಾನು ತಾನಾಗಿ ಓಡಬೇಕು: ರೇಡಿಯೇಟರ್‌ನ ಥರ್ಮೋ ಸ್ವಿಚ್ ಒಂದು ಕಡೆಯಿಂದ, ಎ.ಸಿ. ಪೈಪಿನ ಪ್ರೆಶರ್ ಸ್ವಿಚ್ ಇನ್ನೊಂದು ಕಡೆಯಿಂದ. ಯಾವುದು ಕರೆದರೂ ತಿರುಗಬೇಕು.

ಪ್ರಶ್ನೆ: 1980ರ ದಶಕದ ಕಾರು, ಕಂಪನಿ ಎ.ಸಿ. ಅದರ ತಂಪು ಮಾಡುವ ಆರ್-12 ಗ್ಯಾಸ್ ಬದಲು ಆರ್-134ಎ ತುಂಬಿಸಿದ ಮೇಲೆ ಇಂಜಿನ್ ಬಿಸಿ ಹೆಚ್ಚಾಗಿದೆ. ಗ್ಯಾಸಿಗೂ ಇಂಜಿನ್ನಿಗೂ ಏನು ಸಂಬಂಧ?

ಉತ್ತರ: ಹತ್ತಿರದ ಸಂಬಂಧವೇ ಇದೆ. ಕಂಡೆನ್ಸರ್ 60 ಡಿಗ್ರಿಯಲ್ಲಿದ್ದಾಗ ಆರ್-12ರ ಒತ್ತಡ ಸುಮಾರು 15 ಬಾರ್, ಆರ್-134ಎದು ಸುಮಾರು 17. ಗಾಳಿ ಕಡಿಮೆಯಾದಷ್ಟೂ ಈ ಅಂತರ ಬೆಳೆಯುತ್ತದೆ, ಕಂಪ್ರೆಸರ್ ಅಷ್ಟೂ ತಿಣುಕಿ ಇಂಜಿನ್ ಮೇಲೆ ಭಾರ ಹಾಕುತ್ತದೆ. ಹಳೆಯ ಲೇಬಲ್ ನೋಡಿ ಅಷ್ಟೇ ತೂಕದ ಹೊಸ ಗ್ಯಾಸ್ ತುಂಬಿದ್ದಾರೋ ಕೇಳಿ. ಆರ್-134ಎ ಅದರ ಶೇ. 80ರಿಂದ 90ರಷ್ಟು ಮಾತ್ರ ಇರಬೇಕು. ಹೆಚ್ಚಾದರೆ ತಂಪು ಹೆಚ್ಚುವುದಿಲ್ಲ, ಒತ್ತಡ ಹೆಚ್ಚುತ್ತದೆ. ಹಳೆಯ ಮಿನರಲ್ ಎಣ್ಣೆ ಈ ಗ್ಯಾಸಿನೊಂದಿಗೆ ಬೆರೆಯುವುದಿಲ್ಲವಾದ್ದರಿಂದ ಎಣ್ಣೆಯನ್ನೂ ಬದಲಿಸಿರಬೇಕು, ಇಲ್ಲದಿದ್ದರೆ ಕಂಪ್ರೆಸರ್ ಒಣಗಿ ಸವೆಯುತ್ತದೆ. ಒಂದೇ ಕೊಳವೆ ಹಾವಿನಂತೆ ಸುತ್ತಿಕೊಂಡಿರುವ ಹಳೆಯ ಕಂಡೆನ್ಸರ್ ಇದ್ದರೆ ಹಲವು ಕೊಳವೆಗಳು ಸಮಾನಾಂತರವಾಗಿರುವ ಪ್ಯಾರಲಲ್ ಫ್ಲೋ ಕಂಡೆನ್ಸರ್‌ಗೆ ಬದಲಾಯಿಸಿ, ಅದೇ ಜಾಗದಲ್ಲಿ ಹೆಚ್ಚು ಶಾಖ ಬಿಡುತ್ತದೆ. ಮುಂದಿನ ಸಲ ಗೇಜ್ ಹಾಕಿದಾಗ ಐಡ್ಲಿಂಗ್‌ನಲ್ಲಿ ಜಾಲರಿಗೆ ಒಂದು ಪೆಡೆಸ್ಟಲ್ ಫ್ಯಾನು ಒಡ್ಡಿ ನೋಡಲು ಹೇಳಿ. ಹೈ ಸೈಡ್ (ಕಂಡೆನ್ಸರ್ ಕಡೆಯ) ಒತ್ತಡ ಥಟ್ಟನೆ ಇಳಿದರೆ ಗ್ಯಾಸಿನ ಗೊಡವೆ ಬಿಟ್ಟು ಕಾರಿನ ಫ್ಯಾನು, ಕವಚ, ಸಂದಿಗಳನ್ನು ನೋಡಿ. ಇಳಿಯದಿದ್ದರೆ ಗ್ಯಾಸನ್ನು ಪೂರ್ತಿ ಹೊರತೆಗೆಸಿ, ವ್ಯಾಕ್ಯೂಮ್ ಮಾಡಿಸಿ, ತಕ್ಕಡಿಯಲ್ಲಿ ತೂಗಿ ತುಂಬಿಸಿ.