ಗೋಕರ್ಣದಲ್ಲಿ ಮೂರು ದಿನ: ಎಲ್ಲಿ ತಿನ್ನೋದು, ಏನು ಕುಡಿಯೋದು, ಎಲ್ಲಿ ಸುತ್ತೋದು?

ಮಾರ್ಚ್ ಕೊನೆಯಲ್ಲಿ ನಾಲ್ಕು ಜನ ಸ್ನೇಹಿತರು ಗೋಕರ್ಣಕ್ಕೆ ಹೋಗ್ತಿದ್ದೀವಿ, ಗಡಿಬಿಡಿ ಬೇಡ, ಇಬ್ಬರಿಗೆ ಮೀನು ಬೇಕೇ ಬೇಕು, ಇಬ್ಬರು ಸಸ್ಯಾಹಾರಿಗಳು ಅಂತ ಬರೆದಿದ್ದೀರಿ. ನಾನು ಕುಮಟಾದವಳು. ನಮ್ಮ ಕಡೆಯ ಊರಿನ ಬಗ್ಗೆ ಯಾರಾದರೂ ಕೇಳಿದರೆ ಸುಮ್ನೆ ಇರೋಕೆ ಆಗಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಒಂದು ಮಾತು. ಗೋಕರ್ಣವನ್ನು ಗೋವಾದ ತಮ್ಮ ಅಂದುಕೊಂಡು ಬರಬೇಡಿ. ಇದು ದೇವಸ್ಥಾನದ ಊರು, ಮೀನುಗಾರರ ಊರು, ತರಕಾರಿ ಬೆಳೆಯುವವರ ಊರು. ಬೀಚುಗಳಿಗೆ ಒಂದೂವರೆ ದಿನ ಸಾಕು. ಉಳಿದ ಹೊತ್ತನ್ನು ಪೇಟೆಗೂ, ಅಘನಾಶಿನಿ ನದಿ ಸಮುದ್ರ ಸೇರುವ ತದಡಿ ಕಡೆಗೂ ಕೊಡಿ. ಬಂದವರಲ್ಲಿ ಹೆಚ್ಚಿನವರು ಆ ಕಡೆ ತಿರುಗಿಯೂ ನೋಡದೆ ವಾಪಸ್ ಹೋಗ್ತಾರೆ, ನನಗೆ ಅದೇ ಬೇಜಾರು.

ರೈಲಿನಲ್ಲಿ ಬರೋದಾದರೆ ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಊರು ಸುಮಾರು ಹತ್ತು ಕಿಲೋಮೀಟರ್. ರಿಕ್ಷಾ ಸಿಗುತ್ತೆ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಬೆಳಗಿನ ತಿಂಡಿಯನ್ನು ಬೀಚಿನ ಶ್ಯಾಕ್‌ಗಳಲ್ಲಿ ತಿನ್ನಬೇಡಿ. ಅಲ್ಲಿ ಎಲ್ಲಾ ನಿಧಾನ, ಬ್ರೆಡ್ಡು ಆಮ್ಲೆಟ್ಟು ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ. ರಥಬೀದಿಯ ಸುತ್ತಮುತ್ತಲಿನ ಸಣ್ಣ ಹೋಟೆಲಿಗೆ ನಡೆಯಿರಿ. ಬನ್ಸ್ ಕೇಳಿ. ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟು, ಪೂರಿ ಹಾಗೆ ಉಬ್ಬಿರುತ್ತೆ, ಒಳಗೆ ಮೆತ್ತಗೆ, ಸ್ವಲ್ಪ ಸಿಹಿ. ಜೊತೆಗೆ ಭಾಜಿ. ಚಹಾ ಬದಲು ಒಮ್ಮೆ ಕಷಾಯ ಕುಡಿದು ನೋಡಿ. ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿ ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಉತ್ತರ ಕನ್ನಡದ ಹೋಟೆಲುಗಳಲ್ಲಿ ಇದನ್ನು ಚಹಾದಷ್ಟೇ ಸಲೀಸಾಗಿ ಕೊಡ್ತಾರೆ.

ಸಸ್ಯಾಹಾರಿಗಳಿಗೆ ಗೋಕರ್ಣದಲ್ಲಿ ಚಿಂತೆಯೇ ಇಲ್ಲ. ಮಧ್ಯಾಹ್ನ ಮಹಾಬಲೇಶ್ವರ ದೇವಸ್ಥಾನದ ಪ್ರಸಾದ ಭೋಜನ ಇದೆ. ಪೇಟೆಯಲ್ಲಿ ಊಟದ ಹೋಟೆಲುಗಳಿವೆ. ಸಮುದ್ರದ ಹತ್ತಿರವೇ ಇರುವ ಪ್ರೇಮಾ ಹೋಟೆಲು ಹಳಬರಿಗೆಲ್ಲ ಗೊತ್ತಿರುವ ಜಾಗ. ಎಲ್ಲಿಯಾದರೂ ತಂಬುಳಿ ಅಥವಾ ಅಪ್ಪೆಹುಳಿ ಇದೆ ಅಂತ ಗೊತ್ತಾದರೆ ಬಿಡಬೇಡಿ. ಅಪ್ಪೆಹುಳಿ ಮಾವಿನಕಾಯಿಯ ತೆಳು ಸಾರು, ಇಂಗು ಮತ್ತು ಮೆಣಸಿನ ಒಗ್ಗರಣೆ ಹಾಕಿರ್ತಾರೆ. ನೀವು ಬರುವ ಹೊತ್ತಿಗೆ ಮಾವಿನಕಾಯಿ ಕಾಲ. ಅನ್ನಕ್ಕೆ ಕಲಸಿಕೊಳ್ಳಿ, ಉಳಿದದ್ದನ್ನು ಲೋಟದಲ್ಲಿ ಕುಡಿಯಿರಿ. ಊಟ ಆದಮೇಲೆ ಒಳ್ಳೆ ನಿದ್ದೆ ಗ್ಯಾರಂಟಿ.

ಮೀನಿನ ವಿಷಯಕ್ಕೆ ಬರೋಣ. ರಾತ್ರಿ ಸಮುದ್ರದ ಎದುರು ಕೂತು ತಿನ್ನೋದಕ್ಕಿಂತ ಮಧ್ಯಾಹ್ನದ ಮೀನಿನ ಊಟ ನೂರು ಪಾಲು ಮೇಲು. ಬೆಳಗ್ಗೆ ಬಂದ ಮೀನು ಮಧ್ಯಾಹ್ನಕ್ಕೆ ತಟ್ಟೆಯಲ್ಲಿರುತ್ತೆ. ಊರಿನ ರಿಕ್ಷಾದವರು ಎಲ್ಲಿ ಊಟ ಮಾಡ್ತಾರೆ ಅಂತ ಕೇಳಿ, ಅಲ್ಲಿಗೇ ಹೋಗಿ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಫ್ರೈ, ಕೊನೆಗೆ ಸೋಲ್ ಕಡಿ, ಅಂದ್ರೆ ಮುರುಗಲು (ಕೋಕಂ), ತೆಂಗಿನ ಹಾಲು ಹಾಕಿದ ಪಾನೀಯ. ಬಂಗಡೆ ಅಥವಾ ತಾರಲೆ (ಬೂತಾಯಿ) ಸಾರಿನಲ್ಲಿ ಜುಮ್ಮನಕಾಯಿ ಹಾಕಿದ್ದರೆ ನಿಮ್ಮ ಅದೃಷ್ಟ. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡ, ಬಾಯಿ ಬಿಟ್ಟ ಕಾಯಿ ಅದು. ಕಚ್ಚಿದರೆ ನಾಲಿಗೆ ಜುಮ್ ಅನ್ನುತ್ತೆ. ಅದನ್ನು ಬದಿಗೆ ತೆಗೆದಿಟ್ಟು ಸಾರು ಮಾತ್ರ ಸವಿಯಿರಿ. ಇಸ್ವಾಣ (ಅಂಜಲ್), ಪಾಂಪ್ಲೆಟ್ ದುಬಾರಿ. ರುಚಿ ಬೇಕು ಅಂದ್ರೆ ಬಂಗಡೆಯೇ ಸಾಕು. ಶೆಟ್ಲಿ (ಸೀಗಡಿ) ಫ್ರೈ ಇದ್ದರೆ ಒಂದು ಪ್ಲೇಟು ಹಂಚಿಕೊಳ್ಳಿ. ಇನ್ನು ಮುಂದೆ ಯಾವಾಗಲಾದರೂ ಜೂನ್, ಜುಲೈನಲ್ಲಿ ಬಂದರೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತೆ. ಆಗ ಮೀನು ಕಡಿಮೆ, ರೇಟು ಜಾಸ್ತಿ.

ಕುಡಿಯೋಕೆ ಏನು ಅಂತಲೂ ಕೇಳಿದ್ದೀರಿ. ಹಗಲು ಹೊತ್ತು ಎಳನೀರು, ಮುರುಗಲು ಶರಬತ್ತು, ಕಬ್ಬಿನ ಹಾಲು. ಮಾರ್ಚ್ ಬಿಸಿಲಿಗೆ ಮುರುಗಲಿನಂಥದ್ದು ಬೇರೆ ಇಲ್ಲ. ಬಿಯರ್ ಬೇಕಾದವರು ಓಂ, ಕುಡ್ಲೆ ಬೀಚುಗಳ ಕಡೆ ವಿಚಾರಿಸಿ. ಓಂ ಬೀಚಿನ ನಮಸ್ತೆ ಕೆಫೆ ಬಹಳ ಹಿಂದಿನಿಂದ ಇರೋದು. ಸಂಜೆ ಅಲ್ಲಿ ಕೂತರೆ ಸಮುದ್ರ ಎದುರಿಗೇ ಇರುತ್ತೆ. ಆದರೆ ರಥಬೀದಿಯಲ್ಲಿ, ದೇವಸ್ಥಾನದ ಆಸುಪಾಸಿನಲ್ಲಿ ಬಾಟಲಿ ಹಿಡಿದು ಓಡಾಡಬೇಡಿ. ಅಲ್ಲಿ ಜನ ಅಪ್ಪ ಅಮ್ಮನ ಕಾರ್ಯಕ್ಕೆ ಬಂದಿರ್ತಾರೆ. ಗೋವಾದಿಂದ ಮದ್ಯ ತರುವ ಯೋಚನೆಯೂ ಬೇಡ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ತಪಾಸಣೆ ಇರುತ್ತೆ.

ಬೀಚುಗಳನ್ನು ನಡೆದೇ ನೋಡಿ. ಊರಿನ ದೊಡ್ಡ ಬೀಚಿನ ದಕ್ಷಿಣ ತುದಿಯಲ್ಲಿ ರಾಮ ಮಂದಿರ ಇದೆ. ಸಮುದ್ರಕ್ಕೆ ಇಷ್ಟು ಹತ್ತಿರದಲ್ಲಿ ಅಲ್ಲಿ ಸಿಹಿನೀರಿನ ಒರತೆ ಇದೆ, ಮುಖ ತೊಳೆದುಕೊಂಡು ಗುಡ್ಡ ಹತ್ತಿ. ಆ ಕಡೆ ಇಳಿದರೆ ಕುಡ್ಲೆ. ಅದರಾಚೆ ಓಂ. ಮೇಲಿನಿಂದ ನೋಡಿದರೆ ಎರಡು ಕಮಾನು ಸೇರಿ ಓಂ ಅಕ್ಷರ ಬರೆದ ಹಾಗಿದೆ. ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್. ಬಂಡೆಯ ಅಂಚಿನ ದಾರಿ, ನೆರಳು ಕಡಿಮೆ. ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಇಟ್ಟುಕೊಳ್ಳಿ, ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಸುಸ್ತಾದರೆ ದೋಣಿಯಲ್ಲಿ ಬರಬಹುದು.

ಇದೊಂದು ಮಾತ್ರ ದಯವಿಟ್ಟು ಕೇಳಿ. ಸಮುದ್ರ ಶಾಂತವಾಗಿದೆ ಅನಿಸಿದರೂ ಜೀವರಕ್ಷಕರು ಬೇಡ ಅಂದ ಕಡೆ ಇಳಿಯಬೇಡಿ. ಬಂಡೆಯ ತುದಿಗೆ ಹೋಗಿ ಸೆಲ್ಫಿ ಬೇಡ. ಕುಡಿದು ನೀರಿಗೆ ಇಳಿಯೋದಂತೂ ಬೇಡವೇ ಬೇಡ. ಪ್ರತಿ ವರ್ಷ ನಮ್ಮ ಕರಾವಳಿಯಲ್ಲಿ ಎಳೆ ಪ್ರಾಯದವರು ಹೀಗೇ ಹೋಗ್ತಾರೆ. ಆ ಸುದ್ದಿ ಓದುವಾಗ ಹೊಟ್ಟೆ ಕಿವುಚುತ್ತೆ.

ದೇವಸ್ಥಾನಕ್ಕೆ ಹೋಗೋದಾದರೆ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಆತ್ಮಲಿಂಗವನ್ನು ನೆಲಕ್ಕೆ ಇಟ್ಟವನು ಗಣಪತಿ ತಾನೇ, ಮೊದಲ ಪೂಜೆ ಅವನಿಗೆ. ಗಂಡಸರು ಪಂಚೆ ಇಟ್ಟುಕೊಳ್ಳಿ, ಅಂಗಿ ತೆಗೆದು ಒಳಗೆ ಹೋಗಬೇಕು. ಕೋಟಿತೀರ್ಥದ ಸುತ್ತ ಒಂದು ಸುತ್ತು ಹಾಕಿ, ಹಳೆಯ ಮನೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಪೇಟೆಯಲ್ಲಿ ಹಾಲಕ್ಕಿ ಒಕ್ಕಲಿಗರ ಹೆಂಗಸರು ತಾವೇ ಬೆಳೆದ ತರಕಾರಿ, ಹೂವು ಇಟ್ಟುಕೊಂಡು ಕೂತಿರ್ತಾರೆ. ಕೊರಳ ತುಂಬಾ ಮಣಿಸರ. ಕೇಳದೆ ಫೋಟೋ ತೆಗೆಯಬೇಡಿ. ಬದಲು ಎರಡು ಸೌತೆಕಾಯಿ ತಗೊಂಡು ಮಾತಾಡಿಸಿ, ಚೌಕಾಶಿ ಬೇಡ.

ಈಗ ನನಗೆ ಇಷ್ಟವಾದ ಭಾಗ. ಒಂದು ದಿನ ಬೈಕ್ ಬಾಡಿಗೆಗೆ ತಗೊಂಡು ತದಡಿ ಕಡೆ ಹೊರಡಿ. ದಾರಿಯಲ್ಲಿ ಸಾಣಿಕಟ್ಟಾ. ಅಲ್ಲಿ ಉಪ್ಪಿನ ಆಗರಗಳಿವೆ. ಹಿನ್ನೀರನ್ನು ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸ್ತಾರೆ, ಮಾರ್ಚಿನಲ್ಲಿ ಕೆಲಸ ಜೋರಾಗಿ ನಡೆದಿರುತ್ತೆ. ಉದ್ದ ಕೋಲಿನ ಹಲಗೆಯಿಂದ ಉಪ್ಪು ಎಳೆದು ಬದುವಿನ ಮೇಲೆ ರಾಶಿ ಹಾಕೋದನ್ನು ನಿಂತು ನೋಡಿ. ಮಡಿಯೊಳಗೆ ಮಾತ್ರ ಕಾಲಿಡಬೇಡಿ. ಈ ಉಪ್ಪು ದಪ್ಪ ಹರಳು, ಅಚ್ಚ ಬಿಳಿ ಅಲ್ಲ. ಮಿಡಿ ಉಪ್ಪಿನಕಾಯಿಗೆ ನಮ್ಮ ಮನೆಯಲ್ಲಿ ಬೇರೆ ಉಪ್ಪು ಮುಟ್ಟಲ್ಲ. ಅಂದಹಾಗೆ 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲಾ ಕೂಡ ಇಲ್ಲೇ ಪಕ್ಕದ ತಾಲ್ಲೂಕು.

ತದಡಿಯಲ್ಲಿ ಅಘನಾಶಿನಿ ನದಿ ಸಮುದ್ರ ಸೇರುತ್ತೆ. ಶಿರಸಿಯ ಶಂಕರಹೊಂಡದಿಂದ ಇಲ್ಲಿಯವರೆಗೆ ಈ ನದಿಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ನೀರು ಇಳಿದ ಹೊತ್ತಿಗೆ ಹೋದರೆ ಹೆಂಗಸರು, ಗಂಡಸರು ನಡುಮಟ್ಟ ನೀರಿನಲ್ಲಿ ನಿಂತು ಬಳಚು ಅನ್ನೋ ಚಿಪ್ಪುಮೀನು ಹೆಕ್ಕುವುದು ಕಾಣುತ್ತೆ. ಕಾಲಿನಲ್ಲೇ ಕೆಸರು ತಡಕಾಡಿ ಚಿಪ್ಪು ಹುಡುಕ್ತಾರೆ, ಆಮೇಲೆ ಬಗ್ಗಿ ಎತ್ತಿ ಬುಟ್ಟಿಗೆ ಹಾಕ್ತಾರೆ. ಎಷ್ಟೋ ಮನೆಗಳ ಒಲೆ ಉರಿಯೋದು ಈ ಚಿಪ್ಪಿನಿಂದ. ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರೆ. ಅದು ಉಪ್ಪನ್ನು ತಡೆದುಕೊಳ್ಳುವ ತಳಿ. ಮಾರ್ಚಿನಲ್ಲಿ ಪೈರು ಇರಲ್ಲ, ಆದರೂ ಆ ಗದ್ದೆಗಳ ಬದಿಯಲ್ಲಿ ಕೊಕ್ಕರೆಗಳ ಸಾಲು ನೋಡಬಹುದು. ಮಧ್ಯಾಹ್ನದ ಊಟಕ್ಕೆ ಬಳಚಿನ ಸುಕ್ಕ ಎಲ್ಲಿಯಾದರೂ ಸಿಕ್ಕರೆ ತಿನ್ನಿ, ತೆಂಗಿನಕಾಯಿ ಜೊತೆ ಹುರಿದದ್ದು.

ತದಡಿಯಿಂದ ಬಾರ್ಜಿನಲ್ಲಿ ಬೈಕ್ ಸಮೇತ ಆಚೆ ದಡದ ಅಘನಾಶಿನಿ ಊರಿಗೆ ಹೋಗಬಹುದು. ಹೊರಡುವ ಹೊತ್ತು ಅಲ್ಲೇ ಕೇಳಿಕೊಳ್ಳಿ. ಆಚೆಯಿಂದ ಕುಮಟಾಕ್ಕೆ ಬಂದು, ಹೆದ್ದಾರಿಯಲ್ಲಿ ಮಿರ್ಜಾನ್ ಕೋಟೆ ನೋಡಿ, ಗೋಕರ್ಣಕ್ಕೆ ಮರಳಿದರೆ ಒಂದು ಪೂರ್ತಿ ಸುತ್ತು ಆಗುತ್ತೆ. ಕೋಟೆ ಚಿರೇಕಲ್ಲಿನದು, ಕರಿಮೆಣಸಿನ ರಾಣಿ ಅಂತ ಹೆಸರಾದ ಚೆನ್ನಭೈರಾದೇವಿಯ ಕಾಲದ್ದು ಅಂತ ಹೇಳ್ತಾರೆ. ಸಂಜೆ ಬಿಸಿಲಿಗೆ ಹೋದರೆ ಗೋಡೆಗಳು ಕೆಂಪಗೆ ಹೊಳೀತವೆ. ಯಾಣವನ್ನು ಈ ಸಲ ತುರುಕಬೇಡಿ. 120 ಮೀಟರ್ ಎತ್ತರದ ಆ ಭೈರವೇಶ್ವರ ಶಿಖರಕ್ಕೂ ವಿಭೂತಿ ಜಲಪಾತಕ್ಕೂ ಒಂದಿಡೀ ದಿನ ಬೇಕು.

ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಬಂದಿದ್ದರೆ ಒಂದೊಂದು ಗೊಂಚಲು ತಗೊಳ್ಳಿ. ಅಳ್ವೇಕೋಡಿ ಸುತ್ತಲಿನ ಬೆಳೆ ಅದು, ಹಸಿಯಾಗಿ ತಿಂದರೂ ಖಾರ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೆವರುತ್ತೆ. ಹಾಗೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಡುಗೆಮನೆಯಲ್ಲಿ ಗಾಳಿ ಆಡುವ ಕಡೆ ತೂಗುಹಾಕಿ.