ನಾಲ್ಕು ಜನ ಅಲ್ಲಿಯೂ ಇದ್ದಾರೆ

ಬರುವ ಸೆಪ್ಟೆಂಬರಿನಲ್ಲಿ ಓದಿಗೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಟಿರುವ ನೀವು ಬಸವನಗುಡಿಯಿಂದ ನನಗೆ ಬರೆದು ಕೇಳಿದ್ದೀರಿ: "ಅಲ್ಲಿ ಯಾರೂ ಯಾರ ವಿಷಯಕ್ಕೂ ಬರುವುದಿಲ್ಲವಂತೆ, ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯವಿಲ್ಲದೆ ನಮ್ಮ ಪಾಡಿಗೆ ನಾವು ಇರಬಹುದಂತೆ, ನಿಜವೇ?" 2008ರಲ್ಲಿ ಮಲ್ಲೇಶ್ವರದ ಈ ಮನೆಯಿಂದ ಅದೇ ಊರಿಗೆ ಹೊರಟಾಗ ನಾನೂ ಹಾಗೆಯೇ ನಂಬಿದ್ದೆ. ಈಗ ರಜೆಗೆ ಬಂದು ಇಲ್ಲಿಯೇ ಕುಳಿತು ಉತ್ತರ ಬರೆಯುತ್ತಿದ್ದೇನೆ. ಆ ನಾಲ್ಕು ಜನ ಅಲ್ಲಿಯೂ ಇದ್ದಾರೆ. ಅವರು ಗಮನಿಸುವ ಸಂಗತಿಗಳು ಬೇರೆ, ಗಮನಿಸಿದ್ದನ್ನು ಹೇಳುವ ರೀತಿಯೂ ಬೇರೆ.

ನಿಮ್ಮ ಸಂಬಳವೆಷ್ಟು, ಮದುವೆ ಯಾವಾಗ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಿದಿರಿ ಎಂದು ಅಲ್ಲಿನ ನೆರೆಯವರು ಕೇಳುವುದಿಲ್ಲ. ಆದರೆ ಭಾನುವಾರ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಸದ್ದಾಗುವಂತೆ ಎಸೆದರೆ, ರಾತ್ರಿ ಹತ್ತರ ಮೇಲೆ ಗೋಡೆಗೆ ಮೊಳೆ ಹೊಡೆದರೆ, ಮೆಟ್ಟಿಲು ಒರೆಸುವ ನಿಮ್ಮ ಸರದಿಯನ್ನು ತಪ್ಪಿಸಿದರೆ, ಅದೆಲ್ಲವೂ ಅವರ ಲೆಕ್ಕಕ್ಕೆ ಬರುತ್ತದೆ. ಈ ಕೊನೆಯದಕ್ಕೆ ಸ್ಟುಟ್‌ಗಾರ್ಟ್ ಸೀಮೆಯಲ್ಲಿ 'ಕೇರ್‌ವೋಖೆ' ಎನ್ನುತ್ತಾರೆ, ಅಂದರೆ ಗುಡಿಸುವ ವಾರ. ಒಂದೇ ಕಟ್ಟಡದ ಮನೆಗಳವರು ಸರದಿಯ ಮೇಲೆ ಮೆಟ್ಟಿಲು, ನಡುವಂಕಣ, ಮುಂದಿನ ಕಾಲುದಾರಿಗಳನ್ನು ಶುಚಿ ಮಾಡಬೇಕು. ಎಷ್ಟೋ ಬಾಡಿಗೆ ಕರಾರುಗಳಲ್ಲಿ ಈ ಮಾತು ಬರೆದೇ ಇರುತ್ತದೆ, ಸರದಿ ಯಾರದೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ಬಂದು ನೇತಾಡುತ್ತದೆ.

ಮೊದಲ ಚಳಿಗಾಲದಲ್ಲಿ ನನ್ನ ಬಾಗಿಲಿಗೆ ಆ ಹಲಗೆ ಬಂದಾಗ ಮೆಟ್ಟಿಲು ಶುಚಿಯಾಗಿಯೇ ಕಂಡಿತು, ಹಾಗಾಗಿ ನಾನು ಏನೂ ಮಾಡಲಿಲ್ಲ. ವಾರದ ಕೊನೆಗೆ ಕೆಳಗಿನ ಮನೆಯ ಹಿರಿಯ ಮಹಿಳೆ ಗಂಟೆ ಒತ್ತಿ, "ನೀವು ಈ ವಾರ ಗುಡಿಸಲಿಲ್ಲ" ಎಂದು ನನ್ನ ಮುಖಕ್ಕೇ ಹೇಳಿದರು. ನಮಸ್ಕಾರ, ಕುಶಲ, ಪೀಠಿಕೆ ಯಾವುದೂ ಇಲ್ಲ. ಅವಮಾನದಿಂದ ಆ ರಾತ್ರಿ ಅತ್ತಿದ್ದೇನೆ. ಮಾರನೆಯ ಬೆಳಿಗ್ಗೆ ಅದೇ ಮಹಿಳೆ ಮೆಟ್ಟಿಲ ಮೇಲೆ ಸಿಕ್ಕು, ಏನೂ ನಡೆದಿಲ್ಲವೆಂಬಂತೆ ನಗುನಗುತ್ತಾ ಮಾತನಾಡಿಸಿದರು. ಅವರ ಮಟ್ಟಿಗೆ ನಿಜಕ್ಕೂ ಏನೂ ಉಳಿದಿರಲಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ನನಗೆ ವರ್ಷಗಳು ಬೇಕಾದವು. ನಮ್ಮ ಬೀದಿಯಲ್ಲಿ ತಪ್ಪು ಮಾಡಿದವರಿಗೆ ತಪ್ಪನ್ನು ನೇರವಾಗಿ ಹೇಳುವುದಿಲ್ಲ; ಅದು ಅತ್ತೆಯ ಕಿವಿಯಿಂದ ಅಮ್ಮನ ಕಿವಿಗೆ ಬಂದು, ಅಲ್ಲಿಂದ ಊಟದ ಹೊತ್ತಿಗೆ ನಮ್ಮ ತಟ್ಟೆಯ ಮುಂದೆ ಬಂದು ನಿಲ್ಲುತ್ತದೆ. ಎದುರಿನವರ ಮುಖ ಉಳಿಸುವ ಮರ್ಯಾದೆ ಅದರಲ್ಲಿದೆ, ಆದರೆ ಮಾತು ಬೆನ್ನ ಹಿಂದೆ ಬೆಳೆಯುವ ಹಿಂಸೆಯೂ ಇದೆ. ಅಲ್ಲಿ ಮಾತು ಮುಖಕ್ಕೇ ಬರುತ್ತದೆ, ಬಂದಷ್ಟಕ್ಕೆ ಮುಗಿಯುತ್ತದೆ. ನಮ್ಮಮ್ಮ ಇಂದಿಗೂ ಬೆಳಗಾಗುವ ಮುನ್ನ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಾರೆ, ಒಂದು ದಿನ ತಪ್ಪಿದರೆ ಎದುರುಮನೆಯವರು "ಯಾಕೆ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದು ವಿಚಾರಿಸುತ್ತಾರೆ. ಆ ಮಹಿಳೆಯ ಮೆಟ್ಟಿಲಿಗೂ ನಮ್ಮಮ್ಮನ ಹೊಸ್ತಿಲಿಗೂ ಹಿಂದಿರುವ ಮೌಲ್ಯ ಒಂದೇ ಎಂದು ನನಗೆ ಈಗ ಅನ್ನಿಸುತ್ತದೆ. ಅದನ್ನು ನಡೆಸುವ ರೂಢಿ ಮಾತ್ರ ಊರಿಗೊಂದು.

ನಮ್ಮ ದಾಕ್ಷಿಣ್ಯದ ಬಗ್ಗೆ ನಿಮ್ಮನ್ನು ವಿಶೇಷವಾಗಿ ಎಚ್ಚರಿಸಬೇಕು. "ಇಲ್ಲ" ಎನ್ನಲಾಗದೆ "ನೋಡೋಣ" ಎನ್ನುವುದು ನಮ್ಮಲ್ಲಿ ಸೌಜನ್ಯ, ಕೇಳಿದವರಿಗೂ ಅದರ ಅರ್ಥ ಗೊತ್ತು. ಒಮ್ಮೆ ಸಹೋದ್ಯೋಗಿಯೊಬ್ಬಳು ಊಟಕ್ಕೆ ಕರೆದಾಗ ನನಗೆ ಹೋಗುವ ಮನಸ್ಸಿರಲಿಲ್ಲ. "ಬರಲು ಪ್ರಯತ್ನಿಸುತ್ತೇನೆ" ಎಂದೆ. ಅವಳು ನನಗಾಗಿಯೇ ಮಾಂಸವಿಲ್ಲದ ಅಡುಗೆ ಮಾಡಿ, ಮೇಜು ಸಜ್ಜುಗೊಳಿಸಿ ಕಾದಿದ್ದಳು. ಸೋಮವಾರ ಅವಳು ಹೇಳಿದ್ದು ಇಷ್ಟೇ: "ಬರುವುದಿಲ್ಲ ಎಂದಿದ್ದರೆ ನನಗೆ ಬೇಸರವಾಗುತ್ತಿರಲಿಲ್ಲ." ನನ್ನ ಸೌಜನ್ಯ ಅವಳ ಪಾಲಿಗೆ ಸುಳ್ಳಾಗಿತ್ತು. ಅಂದಿನಿಂದ "ಆಗುವುದಿಲ್ಲ" ಎಂಬ ಮಾತನ್ನು ಆಡಲು ಕಲಿತೆ, ಕಲಿಯುವುದು ಸುಲಭವಾಗಿರಲಿಲ್ಲ.

ಅಲ್ಲಿನ ನಗರ ರೈಲಿನಲ್ಲಿ ನಮ್ಮ ಮೆಟ್ರೊದಂತೆ ತಡೆಗೇಟುಗಳಿಲ್ಲ, ಟಿಕೆಟ್ ಇಲ್ಲದೆಯೂ ಹತ್ತಬಹುದು. ಆಗೊಮ್ಮೆ ಈಗೊಮ್ಮೆ ತಪಾಸಣೆಯವರು ಬರುತ್ತಾರೆ, ಸಿಕ್ಕಿಬಿದ್ದರೆ 60 ಯೂರೊ ದಂಡ. ಆದರೆ ಬಹುತೇಕ ಜನ ಟಿಕೆಟ್ ಕೊಳ್ಳುವುದಕ್ಕೆ ಆ ದಂಡವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಪಕ್ಕದಲ್ಲಿ ಕುಳಿತವರೂ ಕೊಂಡಿರುತ್ತಾರೆಂಬ ನಂಬಿಕೆಯೇ ಹೆಚ್ಚು ಕೆಲಸ ಮಾಡುತ್ತದೆ. ವಾಹನವೇ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಕಂಡು ನಿಂತಿರುವವರನ್ನು ನೋಡಿ ಮೊದಮೊದಲು ನಿಮಗೆ ವಿಚಿತ್ರವೆನಿಸಬಹುದು. ಕೆಲವು ದಾಟುಗಳಲ್ಲಿ "ಮಕ್ಕಳಿಗೆ ಮಾದರಿಯಾಗಿರಿ" ಎಂಬರ್ಥದ ಫಲಕವಿರುತ್ತದೆ. ಪಕ್ಕದಲ್ಲಿ ಮಗುವೊಂದು ನಿಂತಿರುವಾಗ ನೀವು ದಾಟಿದರೆ ಆ ಮಗುವಿನ ತಾಯಿ ನಿಮ್ಮನ್ನು ಗದರಿಯೇ ಗದರುತ್ತಾಳೆ.

ಇದನ್ನೆಲ್ಲ ನೋಡಿ "ನಮ್ಮ ಜನಕ್ಕೆ ಶಿಸ್ತೇ ಇಲ್ಲ" ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ. ಆ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಬಸ್ಸಿನಲ್ಲಿ ಬಾಗಿಲಿಗೆ ಜೋತುಬೀಳುವ ಬೆಂಗಳೂರಿಗನೇ, 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೊ ಓಡಲಾರಂಭಿಸಿದ ಮೇಲೆ, ಅದರ ನಿಲ್ದಾಣದಲ್ಲಿ ಉಗುಳದೆ, ಕಸ ಎಸೆಯದೆ ನಡೆದುಕೊಳ್ಳುತ್ತಿದ್ದಾನೆ. ಮನುಷ್ಯ ಅವನೇ, ಆ ಜಾಗದಲ್ಲಿ ಎಲ್ಲರೂ ಹೇಗಿರುತ್ತಾರೆಂಬ ಅವನ ಎಣಿಕೆ ಬದಲಾಗಿದೆ. ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ರಾಜತಾಂತ್ರಿಕರ ಬಗ್ಗೆ ರೇಮಂಡ್ ಫಿಸ್‌ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಂಡ ವಸೂಲಿಯಿಂದ ವಿನಾಯಿತಿ ಇದ್ದಾಗ, ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರು ವಾಹನ ನಿಲುಗಡೆಯ ನಿಯಮವನ್ನು ಹೆಚ್ಚು ಮುರಿದಿದ್ದರು. 2002ರಲ್ಲಿ ನಗರ ವಸೂಲಿಯನ್ನು ಬಿಗಿ ಮಾಡಿದೊಡನೆ ದಂಡ ಕಟ್ಟದ ಪ್ರಕರಣಗಳು ಶೇಕಡ 98ರಷ್ಟು ಇಳಿದವು. ತವರಿನ ರೂಢಿ ನಮ್ಮ ಪೆಟ್ಟಿಗೆಯೊಡನೆಯೇ ವಿಮಾನ ಹತ್ತುತ್ತದೆ ಎಂಬುದೂ ನಿಜ, ಹೊಸ ಊರು ಕೇಳಿದರೆ ಅದು ಬಹುಬೇಗ ಬಾಗುತ್ತದೆ ಎಂಬುದೂ ನಿಜ.

ಹಾಗೆ ವಿಮಾನ ಹತ್ತುವ ರೂಢಿಗಳಲ್ಲಿ ಒಂದನ್ನು ದಯವಿಟ್ಟು ಇಲ್ಲಿಯೇ ಬಿಟ್ಟು ಹೋಗಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಜನ?" ಎಂಬ ಪ್ರಶ್ನೆಯನ್ನು ನೀವು ಕೇಳಿಸಿಕೊಂಡಿರಬಹುದು. ಅದೇ ಪ್ರಶ್ನೆಯನ್ನು ನಯವಾಗಿ, ಹೆಸರಿನ ಕೊನೆಯ ಭಾಗ ವಿಚಾರಿಸುವ ನೆಪದಲ್ಲಿ, ಅಲ್ಲಿನ ನಮ್ಮವರ ಹಬ್ಬದೂಟದಲ್ಲಿಯೂ ಕೇಳಿದ್ದೇನೆ. ಅದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ, ನೀವಂತೂ ಯಾರನ್ನೂ ಕೇಳಬೇಡಿ.

ಯಾರೂ ನಿಮ್ಮ ವಿಷಯಕ್ಕೆ ಬರದಿರುವ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ಇಲ್ಲಿ ಹೂವಿನವಳು ಅಕ್ಕನಾಗುತ್ತಾಳೆ, ಆಟೋದವನು ಅಣ್ಣನಾಗುತ್ತಾನೆ, ಕಂಡವರೆಲ್ಲ "ಊಟ ಆಯ್ತಾ?" ಎನ್ನುತ್ತಾರೆ. ಅಲ್ಲಿ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದರೂ ನೀವಾಗಿ ಹೇಳದೆ ಯಾರೂ ಬಾಗಿಲು ತಟ್ಟುವುದಿಲ್ಲ, ಏಕೆಂದರೆ ಕರೆಯದೆ ಬರುವುದು ಅವರ ದೃಷ್ಟಿಯಲ್ಲಿ ಅತಿಕ್ರಮಣ. ಹೇಳಿದರೆ ಮಾತ್ರ ಔಷಧಿ ತಂದುಕೊಡುತ್ತಾರೆ, ಅದನ್ನು ನಾನು ಕಂಡಿದ್ದೇನೆ. ನೆರವನ್ನು ಬಾಯಿಬಿಟ್ಟು ಕೇಳುವುದು ಅಲ್ಲಿ ನಾಚಿಕೆಯ ವಿಷಯವಲ್ಲ.

ಕೊನೆಯದಾಗಿ, ಹೊಸ ಮನೆಗೆ ಬಂದವರನ್ನು ನಮ್ಮಲ್ಲಿ ನೆರೆಯವರೇ ಬಂದು ಮಾತನಾಡಿಸಿ, "ಹಾಲು ನೀರು ಏನಾದರೂ ಬೇಕಾ?" ಎನ್ನುತ್ತಾರೆ. ಅಲ್ಲಿ ಹೊಸಬರೇ ಹೋಗಿ ಪರಿಚಯ ಹೇಳಿಕೊಳ್ಳುವುದು ಪದ್ಧತಿ, ಇದು ಗೊತ್ತಿಲ್ಲದೆ ನಾನು ಮೂರು ತಿಂಗಳು ಅವರ ದಾರಿ ಕಾದಿದ್ದೆ. ಸೇರಿದ ಮೊದಲ ಶನಿವಾರವೇ ಒಂದಷ್ಟು ಕೊಬ್ಬರಿ ಮಿಠಾಯಿ ಮಾಡಿಕೊಂಡು, ಮಧ್ಯಾಹ್ನದ ಮೂರು ಗಂಟೆ ಕಳೆದ ಮೇಲೆ ಹೋಗಿ, ಒಂದೊಂದೇ ಗಂಟೆ ಒತ್ತಿ. ಹೆಸರು ಹೇಳಿ, ಯಾವ ಅಂತಸ್ತಿನವರೆಂದು ಹೇಳಿ, ಗುಡಿಸುವ ಸರದಿ ಯಾವಾಗಿನಿಂದ ಆರಂಭವೆಂದು ನೀವೇ ಕೇಳಿ.